ಆಮಂತ್ರಣದಲ್ಲಿ ನಲವತ್ತು ಹೆಸರು, ಕಣ್ಣಿನ ಹೊಣೆ ಯಾರದು?

ಉಚಿತ ಕಣ್ಣಿನ ಶಿಬಿರದ ಆಮಂತ್ರಣ ಪತ್ರಿಕೆಯೊಂದು ಮನೆಗೆ ಬಂದಿತ್ತು. ನಮ್ಮ ಕಾಸರಗೋಡು ಕಡೆಯ ಆಮಂತ್ರಣ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಉದ್ಘಾಟಕರು, ಅಧ್ಯಕ್ಷರು, ಗೌರವಾಧ್ಯಕ್ಷರು, ದೀಪ ಬೆಳಗಿಸುವವರು, ಮುಖ್ಯ ಅತಿಥಿಗಳು, ಶುಭಾಶಂಸನೆ ಮಾಡುವವರು, ಸ್ವಾಗತ, ಧನ್ಯವಾದ, ನಿರೂಪಣೆ. ಕುತೂಹಲಕ್ಕೆ ಎಣಿಸಿದೆ, ನಲವತ್ತಕ್ಕೆ ಒಂದು ಕಡಿಮೆ. ಪೊರೆ ಬಂದು ಬಲಗಣ್ಣು ಮಂಜಾಗಿದ್ದ ದೊಡ್ಡಮ್ಮ ಅದನ್ನು ನನ್ನಿಂದ ಪೂರ್ತಿ ಓದಿಸಿಕೊಂಡು ಕೊನೆಗೆ ಕೇಳಿದರು: "ಇಷ್ಟು ಜನರಲ್ಲಿ ನನ್ನ ಕಣ್ಣಿಗೆ ಜವಾಬ್ದಾರಿ ಯಾರು ಮಾರಾಯ?"

ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಹುಡುಕಿದೆ. ಸಿಕ್ಕಿದ್ದನ್ನು ಬರೆಯುತ್ತಿದ್ದೇನೆ.

ಕಣ್ಣಿನ ಸೇವೆ ಮಾಡುವ ಸಂಸ್ಥೆ ಎಂದ ಕೂಡಲೇ ನಮಗೆ ಕಾಣುವುದು ಡಾಕ್ಟರು, ನರ್ಸು, ಕನ್ನಡಕ ಕೊಡುವವರು. ಅವರ ಹಿಂದೆ ಇನ್ನೊಂದು ಗುಂಪು ಇರುತ್ತದೆ. ಟ್ರಸ್ಟ್ ಆದರೆ ಟ್ರಸ್ಟಿಗಳು, ಸಂಘವಾದರೆ ಆಡಳಿತ ಸಮಿತಿ, ಕಂಪನಿಯಾದರೆ ನಿರ್ದೇಶಕರು. ಈ ಗುಂಪಿನ ಕೆಲಸವನ್ನು ವಿವರಿಸಲು ನಮ್ಮೂರಲ್ಲಿ ಬೇರೆ ಉದಾಹರಣೆ ಬೇಡ, ದೇವಸ್ಥಾನವೇ ಸಾಕು. ದೇವಸ್ಥಾನದ ಆಡಳಿತ ನೋಡುವ ಮೊಕ್ತೇಸರರು ಪೂಜೆ ಮಾಡುವುದಿಲ್ಲ. ಅದು ತಂತ್ರಿಗಳ, ಅರ್ಚಕರ ಕೆಲಸ. ಗರ್ಭಗುಡಿಯೊಳಗೆ ಏನು ನಡೆಯಬೇಕೆಂದು ತಂತ್ರಿಗಳಿಗೆ ಮೊಕ್ತೇಸರರು ಹೇಳಿಕೊಡುವ ಹಾಗೂ ಇಲ್ಲ. ಆದರೆ ದೇವರ ಗದ್ದೆ ಯಾರ ಕೈಯಲ್ಲಿದೆ, ಹುಂಡಿಯ ಹಣ ಎಲ್ಲಿಗೆ ಹೋಯಿತು, ಮಾಡು ಸೋರುತ್ತಿದ್ದರೆ ಸರಿಮಾಡಿಸಿದ್ದು ಯಾಕೆ ಇಲ್ಲ ಎಂದು ಊರು ಕೇಳುವುದು ಮೊಕ್ತೇಸರರನ್ನೇ. ಆ ಗದ್ದೆ ಅವರ ಹೆಸರಿನಲ್ಲಿ ಕಂಡರೂ ಅವರದಲ್ಲ. ಕಣ್ಣಿನ ಆಸ್ಪತ್ರೆಯ ಟ್ರಸ್ಟಿಯೂ ಹೀಗೆಯೇ. ಕತ್ತಿ ಹಿಡಿಯುವುದು ಡಾಕ್ಟರ ಕೈ. ಆ ಕತ್ತಿಯನ್ನು ಸರಿಯಾಗಿ ಕ್ರಿಮಿಶುದ್ಧ ಮಾಡಿ ಕೊಡುವ ವ್ಯವಸ್ಥೆ ಇದೆಯೇ, ಅದಕ್ಕೆ ದುಡ್ಡು ಇಟ್ಟಿದ್ದಾರೆಯೇ, ಇಲ್ಲದಿದ್ದರೆ ಶಿಬಿರ ಬೇಡವೆಂದು ಹೇಳುವ ಧೈರ್ಯ ಯಾರಿಗಾದರೂ ಇದೆಯೇ ಎನ್ನುವುದು ಟ್ರಸ್ಟಿಗಳ ಪ್ರಶ್ನೆ.

ಕಾನೂನಿನ ಭಾಷೆಯಲ್ಲಿ ಇದಕ್ಕೊಂದು ಅಳತೆ ಇದೆ. 1882ರ ಭಾರತೀಯ ಟ್ರಸ್ಟ್ ಕಾಯ್ದೆಯ ಪ್ರಕಾರ, ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ಆಸ್ತಿಯನ್ನು ಎಷ್ಟು ಜಾಗ್ರತೆಯಿಂದ ನೋಡಿಕೊಳ್ಳುತ್ತಾನೋ ಅಷ್ಟು ಜಾಗ್ರತೆ ಟ್ರಸ್ಟಿಗೆ ಬೇಕು. ಮುಂಚೆಯೇ ಒಪ್ಪಂದವಿಲ್ಲದಿದ್ದರೆ ಸಂಬಳ ಕೇಳುವ ಹಕ್ಕು ಅವನಿಗಿಲ್ಲ. ತನ್ನ ಸ್ಥಾನವನ್ನು ಇನ್ನೊಬ್ಬರಿಗೆ ವಹಿಸಿ ಮನೆಯಲ್ಲಿ ಕೂರುವ ಹಾಗೂ ಇಲ್ಲ. ಈ ಕಾಯ್ದೆ ಹುಟ್ಟಿದ್ದು ಖಾಸಗಿ ಟ್ರಸ್ಟುಗಳಿಗಾಗಿ. ಸಾರ್ವಜನಿಕ ಧರ್ಮಾರ್ಥ ಟ್ರಸ್ಟುಗಳಿಗೆ ಅದು ನೇರವಾಗಿ ಅನ್ವಯಿಸುವುದಿಲ್ಲ, ಆದರೆ ನ್ಯಾಯಾಲಯಗಳು ಅದರ ತತ್ತ್ವಗಳನ್ನು ಅವಕ್ಕೂ ಹಚ್ಚುತ್ತ ಬಂದಿವೆ. "ನೀವು ಸುಮ್ಮನೆ ಒಂದು ಸಹಿ ಹಾಕಿ ಸಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ" ಎಂದು ಮನೆಬಾಗಿಲಿಗೆ ಬರುವವರ ಮಾತಿಗೆ ಮರುಳಾಗಿ ಟ್ರಸ್ಟಿಯಾದವರು ನಮ್ಮಲ್ಲಿ ಎಷ್ಟು ಮಂದಿಯೋ. ಅಂಥವರು ಈ ಸಾಲುಗಳನ್ನು ಎರಡು ಸಲ ಓದಬೇಕು. ನನ್ನನ್ನೂ ಹೀಗೆ ಕೇಳಿದ್ದರು. ಹಾಕದೆ ಇದ್ದದ್ದಕ್ಕೆ ಕಾರಣ ನನ್ನ ಜಾಣತನವಲ್ಲ, ಅವತ್ತು ಪೆನ್ನು ಸಿಗಲಿಲ್ಲ.

ಇಲ್ಲಿ ಗಡಿನಾಡಿನ ಒಂದು ವಿಚಿತ್ರ ಹೇಳಲೇಬೇಕು. ಕೇರಳದ ದಕ್ಷಿಣ ಭಾಗದಲ್ಲಿ ಸಂಘ ಕಟ್ಟಿದರೆ ಅದು 1955ರ ತಿರುವಾಂಕೂರು-ಕೊಚ್ಚಿ ಕಾಯ್ದೆಯ ಕೆಳಗೆ ನೋಂದಣಿಯಾಗುತ್ತದೆ. ನಮ್ಮಲ್ಲಿ ಹಾಗಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸಿನ ಆಡಳಿತದಲ್ಲಿದ್ದ ದಕ್ಷಿಣ ಕನ್ನಡದ ಭಾಗ. ಹಾಗಾಗಿ ಮಲಬಾರಿಗೆ ಅನ್ವಯಿಸುವ 1860ರ ಸಂಘ ನೋಂದಣಿ ಕಾಯ್ದೆಯೇ ಇಲ್ಲೂ ಉಳಿದಿದೆ. ಸಿಪಾಯಿ ದಂಗೆ ಶುರುವಾಗಿ ಮೂರೇ ವರ್ಷಕ್ಕೆ ಬಂದ ಕಾನೂನು. ಗಡಿ ದಾಟಿ ತಲಪಾಡಿಯ ಆಚೆ ಹೋದರೆ ಕರ್ನಾಟಕದ 1960ರ ಕಾಯ್ದೆ. ಅತ್ತ ತಾಳವಾಡಿ, ಹೊಸೂರಿನ ಕನ್ನಡಿಗರಿಗೆ ತಮಿಳುನಾಡಿನ 1975ರ ಕಾಯ್ದೆ, ಮಡಕಶಿರಾ, ಆದೋನಿಯವರಿಗೆ ಆಂಧ್ರದ 2001ರದು. ಒಂದೇ ಭಾಷೆ ಮಾತಾಡುವವರು, ಒಂದೇ ತರದ ಕಣ್ಣಿನ ಶಿಬಿರ, ಲೆಕ್ಕ ಕೊಡುವ ಕಚೇರಿ ಮಾತ್ರ ನಾಲ್ಕು ತರ.

ಹಳೆಯದು ಎಂದು 1860ರ ಕಾಯ್ದೆಯನ್ನು ಹಗುರವಾಗಿ ಕಾಣಬೇಡಿ. ಸಂಘಕ್ಕೆ ಕನಿಷ್ಠ ಏಳು ಜನ ಸಹಿ ಹಾಕಬೇಕು. ವರ್ಷಕ್ಕೊಮ್ಮೆ, ಮಹಾಸಭೆಯಾಗಿ 14 ದಿನದೊಳಗೆ, ಆಡಳಿತ ಸಮಿತಿಯವರ ಹೆಸರು, ವಿಳಾಸ, ಉದ್ಯೋಗ ಬರೆದ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಕೊಡಬೇಕು. ಸಂಘ ಮುಚ್ಚಿದರೆ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಇನ್ನೊಂದು ಸಂಘಕ್ಕೆ ಹೋಗಬೇಕು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 19ನೇ ಸೆಕ್ಷನ್: ಸಂಘ ಸಲ್ಲಿಸಿದ ದಾಖಲೆಗಳನ್ನು ಯಾರು ಬೇಕಾದರೂ ನೋಡಬಹುದು. ಸದಸ್ಯರೇ ಆಗಬೇಕೆಂದಿಲ್ಲ, ಕಾರಣ ಹೇಳಬೇಕೆಂದೂ ಇಲ್ಲ. ಮೂಲ ಕಾಯ್ದೆಯಲ್ಲಿ ಇದಕ್ಕೆ ಶುಲ್ಕ 1 ರೂಪಾಯಿ, ಪ್ರತಿ ಬೇಕಾದರೆ ನೂರು ಪದಕ್ಕೆ ಎರಡಾಣೆ. ಮಾಹಿತಿ ಹಕ್ಕು ಬರುವುದಕ್ಕೆ ಸುಮಾರು ಒಂದೂವರೆ ಶತಮಾನ ಮುಂಚೆ ನಮ್ಮ ಕೈಯಲ್ಲಿದ್ದ ಹಕ್ಕು ಇದು, ಬಳಸಿದವರು ಮಾತ್ರ ಅಪರೂಪ.

ಟ್ರಸ್ಟಿನಲ್ಲಿ ಈ ಬಾಗಿಲು ಇಷ್ಟು ಸಲೀಸಾಗಿ ತೆರೆಯುವುದಿಲ್ಲ. ಟ್ರಸ್ಟ್ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗುತ್ತದೆ. ಜಾಗ, ಕಟ್ಟಡ ಸೇರಿದ್ದರೆ ಅದು ದಾಖಲಾಗುವ ಕಚೇರಿಯ ಪುಸ್ತಕವನ್ನು ಯಾರೂ ನೋಡಬಹುದು. ಸ್ಥಿರಾಸ್ತಿ ಇಲ್ಲದ ಪತ್ರ ಸಾಮಾನ್ಯವಾಗಿ 4ನೇ ಪುಸ್ತಕಕ್ಕೆ ಹೋಗುತ್ತದೆ, ಅದರ ಪ್ರತಿ ಸಿಗುವುದು ಸಹಿ ಹಾಕಿದವರಿಗೆ ಮತ್ತು ಅವರ ಕಡೆಯವರಿಗೆ ಮಾತ್ರ. ಟ್ರಸ್ಟ್ ಕಟ್ಟಲು ಏಳು ಜನ ಬೇಕಿಲ್ಲ, ಗಂಡ, ಹೆಂಡತಿ, ಒಬ್ಬ ಭಾವ ಸಾಕು. ಹೆಚ್ಚಿನವರು ಸಂಘ ಬಿಟ್ಟು ಟ್ರಸ್ಟ್ ಮಾಡುವುದು ಇದೇ ಕಾರಣಕ್ಕೆ: ಚುನಾವಣೆ ಇಲ್ಲ, ಮಹಾಸಭೆಯ ಗದ್ದಲ ಇಲ್ಲ. ತಪ್ಪು ಎನ್ನುತ್ತಿಲ್ಲ. ಮೂರನೆಯ ದಾರಿ ಲಾಭ ಹಂಚದ ಕಂಪನಿ, 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನದು. ಕಾಗದಪತ್ರ ಜಾಸ್ತಿ, ಹಾಗಾಗಿ ಹಳ್ಳಿಗಳಲ್ಲಿ ಕಡಿಮೆ.

ಮಹಾರಾಷ್ಟ್ರದ ಗಡಿಯಲ್ಲಿರುವ ಅಕ್ಕಲಕೋಟೆ, ಜತ್ತ ಕಡೆಯ ಕನ್ನಡಿಗರ ಕತೆಯೇ ಬೇರೆ. ಅಲ್ಲಿ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆ ಇದೆ, ಚಾರಿಟಿ ಕಮಿಷನರ್ ಎಂಬ ಅಧಿಕಾರಿ ಇದ್ದಾರೆ. ಟ್ರಸ್ಟಿ ಬದಲಾದರೆ 90 ದಿನದೊಳಗೆ ತಿಳಿಸಬೇಕು. ಟ್ರಸ್ಟಿನ ಜಾಗ ಮಾರಬೇಕಾದರೆ ಮುಂಚೆ ಅನುಮತಿ ಬೇಕು. ಟ್ರಸ್ಟ್ ನಡೆಸುವ ದೊಡ್ಡ ಆಸ್ಪತ್ರೆಗಳು ನೂರರಲ್ಲಿ 10 ಹಾಸಿಗೆಗಳನ್ನು ತೀರಾ ಬಡವರಿಗೆ ಉಚಿತವಾಗಿ, ಇನ್ನು 10 ಹಾಸಿಗೆಗಳನ್ನು ಆದಾಯ ಕಡಿಮೆ ಇರುವವರಿಗೆ ರಿಯಾಯಿತಿಯಲ್ಲಿ ಇಡಬೇಕು. ಕಣ್ಣಿನ ಆಸ್ಪತ್ರೆಗೂ ಇದೇ ನಿಯಮ. ಕೇರಳದಲ್ಲಿ ಎಲ್ಲ ಧರ್ಮಾರ್ಥ ಟ್ರಸ್ಟುಗಳನ್ನೂ ನೋಡುವ ಇಂಥ ಕಮಿಷನರ್ ಇಲ್ಲ. ನಮಗೆ ಉಳಿದದ್ದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್. ಟ್ರಸ್ಟಿನಲ್ಲಿ ಹಿತಾಸಕ್ತಿ ಇರುವ ಇಬ್ಬರು ಸೇರಿ, ನ್ಯಾಯಾಲಯದ ಅನುಮತಿ ಪಡೆದು, ಟ್ರಸ್ಟಿಯನ್ನು ತೆಗೆಯಿರಿ, ಲೆಕ್ಕ ಕೊಡಿಸಿ, ಹೊಸ ವ್ಯವಸ್ಥೆ ಮಾಡಿ ಎಂದು ದಾವೆ ಹೂಡಬಹುದು. ದೇವಸ್ಥಾನದ ಜಗಳಗಳಿಂದಾಗಿ ನಮ್ಮ ಊರಿನ ಹಳಬರಿಗೆ ಈ 92 ಚೆನ್ನಾಗಿಯೇ ಪರಿಚಯ. ಕಣ್ಣಿನ ಟ್ರಸ್ಟಿಗೂ ಅದು ಅನ್ವಯಿಸುತ್ತದೆಂದು ಹೊಳೆಯುವುದು ಕಡಿಮೆ.

ಇಷ್ಟೆಲ್ಲ ಕಾನೂನು ಯಾಕೆ ಬೇಕು, ಒಳ್ಳೆಯ ಕೆಲಸ ಮಾಡುವವರನ್ನು ಹೀಗೆ ಕೆದಕುವುದೇಕೆ ಎಂದು ಕೇಳುವವರಿದ್ದಾರೆ. ಅವರಿಗೆ ಖುರ್ಜಾದ ಪ್ರಕರಣ ಹೇಳುತ್ತೇನೆ. 1986ರಲ್ಲಿ ಉತ್ತರ ಪ್ರದೇಶದ ಖುರ್ಜಾ ಪಟ್ಟಣದಲ್ಲಿ ಒಂದು ಸೇವಾ ಸಂಸ್ಥೆ ಕಣ್ಣಿನ ಶಿಬಿರ ನಡೆಸಿತು. ಸರಕಾರದ ಅನುಮತಿ ಇತ್ತು. ಶಸ್ತ್ರಚಿಕಿತ್ಸೆಗೆ ಬಂದ ಡಾಕ್ಟರು ಹೆಸರು ಮಾಡಿದವರೇ. ಸುಮಾರು 108 ಜನರಿಗೆ ಶಸ್ತ್ರಚಿಕಿತ್ಸೆಯಾಯಿತು, ಅದರಲ್ಲಿ 88 ಪೊರೆಯವು. ಅವರಲ್ಲಿ 84 ಜನರ ಕಣ್ಣು ಶಾಶ್ವತವಾಗಿ ಹೋಯಿತು. ಕಣ್ಣು ತೊಳೆಯಲು ಬಳಸಿದ ಸಲೈನ್ ನೀರೇ ಮಲಿನವಾಗಿದ್ದಿರಬೇಕು ಎಂಬುದು ತಜ್ಞರ ತೀರ್ಮಾನ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯ ಅವರಿದ್ದ ಪೀಠ 1989ರಲ್ಲಿ ತೀರ್ಪು ಕೊಟ್ಟಿತು. ಪರಿಹಾರಕ್ಕೆ ಆದೇಶವಾಯಿತು. ಕಣ್ಣು ಬರಲಿಲ್ಲ.

ಆ ಶಿಬಿರದಲ್ಲಿ ಕೆಟ್ಟವರು ಯಾರೂ ಇರಲಿಲ್ಲ ಎನ್ನುವುದೇ ನನಗೆ ಹೆದರಿಕೆ ಹುಟ್ಟಿಸುವ ಸಂಗತಿ. ದುಡ್ಡು ನುಂಗಿದವರಿಲ್ಲ, ನಕಲಿ ಡಾಕ್ಟರಿಲ್ಲ. ಸಲೈನ್ ಎಲ್ಲಿಂದ ಬಂತು, ಅದನ್ನು ಪರೀಕ್ಷಿಸಿದ್ದು ಯಾರು, ಒಂದೇ ಕಡೆ ಇಷ್ಟು ಜನರಿಗೆ ಮಾಡುವಷ್ಟು ಅನುಕೂಲ ಇತ್ತೇ, ಮಾರನೆಯ ದಿನ ಪಟ್ಟಿ ಬಿಚ್ಚಿದಾಗ ಕೀವು ಕಂಡರೆ ಯಾರಿಗೆ ಫೋನ್ ಮಾಡಬೇಕು ಎಂದು ಮುಂಚಿನ ಸಭೆಯಲ್ಲಿ ಒಬ್ಬರಾದರೂ ಕೇಳಿ ಬರೆಸಿಟ್ಟಿದ್ದರೆ? ಡಾಕ್ಟರಲ್ಲದ ಟ್ರಸ್ಟಿಗೂ ಕೇಳಲು ಬರುವ ಪ್ರಶ್ನೆಗಳಿವು. ಅಡಿಕೆ ವ್ಯಾಪಾರಿ ಕೇಳಬಹುದು, ನಿವೃತ್ತ ಮಾಸ್ತರು ಕೇಳಬಹುದು. ಮದುವೆ ಊಟಕ್ಕೆ ನೀರು ಯಾವ ಬಾವಿಯದು ಎಂದು ಕೇಳುವ ನಾವು ಕಣ್ಣಿಗೆ ಹಾಕುವ ನೀರಿನ ಬಗ್ಗೆ ಕೇಳಲು ಯಾಕೆ ನಾಚಬೇಕು?

ಹಿಂದೆ ಶಿಬಿರವೆಂದರೆ ಶಾಲೆಯ ಕೋಣೆಯೇ ಆಪರೇಷನ್ ಥಿಯೇಟರು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ 1943ರಿಂದ ಊರೂರು ಸುತ್ತಿ ಹಾಗೆಯೇ ಲಕ್ಷಗಟ್ಟಲೆ ಕಣ್ಣು ತೆರೆಸಿದರು, ಒಂದೇ ದಿನ 833 ಪೊರೆ ತೆಗೆದದ್ದು ಗಿನ್ನೆಸ್ ದಾಖಲೆಯಲ್ಲಿದೆ. ಆಸ್ಪತ್ರೆಯೇ ಇಲ್ಲದ ಕಾಲದಲ್ಲಿ ಅದು ಸರಿ. ಈಗ ಶಿಬಿರದಲ್ಲಿ ಪರೀಕ್ಷೆ ಮಾತ್ರ, ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲೇ ಆಗಬೇಕು. ಹಾಗಾಗಿಯೇ ಬದಿಯಡ್ಕದಲ್ಲೋ ಪೆರ್ಲದಲ್ಲೋ ಕಣ್ಣು ತೋರಿಸಿದವರನ್ನು ಬಸ್ಸಿನಲ್ಲಿ ಕೂರಿಸಿ ಕರೆದೊಯ್ಯುವುದು. ನಮ್ಮ ಕಡೆಯ ಬಸ್ಸು ಹೆಚ್ಚಾಗಿ ಹೊರಡುವುದು ಮಂಗಳೂರಿಗೆ.

ಅಂದರೆ ಶಿಬಿರ ಒಂದು ರಾಜ್ಯದಲ್ಲಿ, ಆಪರೇಷನ್ ಇನ್ನೊಂದರಲ್ಲಿ. 2020ರ ಮಾರ್ಚಿನಲ್ಲಿ ಕೊರೋನಾ ಕಾರಣಕ್ಕೆ ತಲಪಾಡಿ ಗಡಿ ಮುಚ್ಚಿ, ಕೆಲವು ರಸ್ತೆಗಳಿಗೆ ಮಣ್ಣು ಸುರಿದಾಗ ಇದರ ಅರ್ಥ ಏನೆಂದು ಮಂಜೇಶ್ವರದವರಿಗೆ ಗೊತ್ತಾಯಿತು. ಪೊರೆಯ ಆಪರೇಷನ್ ಆದವರು ಮಾರನೆಯ ದಿನ, ಆಮೇಲೆ ವಾರ ಕಳೆದು, ತಿಂಗಳು ಕಳೆದು ತೋರಿಸಬೇಕು. ಗಡಿಯ ಈಚೆಗೆ ಒಬ್ಬ ಕಣ್ಣಿನ ಡಾಕ್ಟರ ಜೊತೆ ಮೊದಲೇ ಮಾತುಕತೆ ಮಾಡಿಟ್ಟುಕೊಂಡ ಸಂಸ್ಥೆಗೂ ಇಟ್ಟುಕೊಳ್ಳದ ಸಂಸ್ಥೆಗೂ ಇರುವ ವ್ಯತ್ಯಾಸವೇ ಆಡಳಿತ. ಒಪ್ಪಿಗೆ ಪತ್ರದ ಭಾಷೆಯೂ ಹಾಗೆಯೇ. ಕನ್ನಡವೋ ತುಳುವೋ ಮಾತ್ರ ಗೊತ್ತಿರುವ ಅಜ್ಜಿಯ ಮುಂದೆ ಮಲಯಾಳದ್ದೋ ಇಂಗ್ಲಿಷಿನದೋ ಕಾಗದ ಹಿಡಿದು ಹೆಬ್ಬೆಟ್ಟು ಒತ್ತಿಸಿದರೆ ಅದು ಒಪ್ಪಿಗೆಯೇ ಅಲ್ಲ. 1969ರ ರಾಜ್ಯಭಾಷಾ ಕಾಯ್ದೆಯಂತೆ ಇಲ್ಲಿಯ ಕನ್ನಡಿಗರು ಸರಕಾರಕ್ಕೇ ಕನ್ನಡದಲ್ಲಿ ಬರೆಯಬಹುದು. ಕಣ್ಣಿನ ಸಂಸ್ಥೆ ತನ್ನ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಲು ಬೇಕಾಗಿರುವುದು ಕಾನೂನಲ್ಲ, ಸಮಿತಿಯಲ್ಲಿ ಅದನ್ನು ಎತ್ತುವ ಒಂದು ಬಾಯಿ.

ಇನ್ನು ದುಡ್ಡು. ಆದಾಯ ತೆರಿಗೆಯ ವಿನಾಯಿತಿ ಬೇಕಾದರೆ ಧರ್ಮಾರ್ಥ ಸಂಸ್ಥೆ ತನ್ನ ಆದಾಯದ 85 ಶೇಕಡಾವನ್ನು ಉದ್ದೇಶಕ್ಕೇ ಖರ್ಚು ಮಾಡಬೇಕು, ಅಥವಾ ನಿಯಮದಂತೆ ಉದ್ದೇಶ ತಿಳಿಸಿ ಕೂಡಿಡಬೇಕು. ವಿದೇಶದ ದುಡ್ಡು ಬರುವುದಾದರೆ 2020ರ ತಿದ್ದುಪಡಿಯ ನಂತರ ಆಡಳಿತ ಖರ್ಚಿಗೆ 20 ಶೇಕಡಾ ಮಾತ್ರ, ಹಣ ಮೊದಲು ಬಂದು ಬೀಳಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಇವೆಲ್ಲ ಲೆಕ್ಕಪರಿಶೋಧಕರಿಗೆ ಗೊತ್ತಿರುವ ವಿಷಯ. ಊರಿಗೆ ಗೊತ್ತಾಗಬೇಕಾದದ್ದು ಬೇರೆ. ಟ್ರಸ್ಟಿಯ ತಮ್ಮನ ಅಂಗಡಿಯಿಂದಲೇ ಸಾವಿರ ಕನ್ನಡಕ ಖರೀದಿಯಾಯಿತು ಎಂದಿಟ್ಟುಕೊಳ್ಳಿ. ಮೋಸವೇ ಎಂದು ಹೇಳಲಾಗದು, ಅವನೇ ಕಡಿಮೆಗೆ ಕೊಟ್ಟಿರಲೂಬಹುದು. ಆದರೆ ಬೇರೆ ಎರಡು ಕಡೆ ದರ ಕೇಳಿದ್ದರೇ? ತೀರ್ಮಾನದ ಹೊತ್ತಿಗೆ ಆ ಟ್ರಸ್ಟಿ ಹೊರಗೆ ಹೋಗಿ ಕೂತಿದ್ದರೇ? ಮಿನಿಟ್ಸ್ ಪುಸ್ತಕದಲ್ಲಿ ಇದು ಬರೆದಿದೆಯೇ? ಟ್ರಸ್ಟಿಗಳಿಗೋ ಅವರ ನಂಟರಿಗೋ ಸಂಸ್ಥೆಯ ಹಣದಿಂದ ಅನುಚಿತ ಲಾಭವಾದರೆ ತೆರಿಗೆ ವಿನಾಯಿತಿಗೇ ಕುತ್ತು. ನಮ್ಮಲ್ಲಿ ಎಲ್ಲರಿಗೂ ಎಲ್ಲರೂ ನಂಟರು, ಇಂಥ ಪ್ರಶ್ನೆ ಕೇಳಿದರೆ ಮುಂದಿನ ಮದುವೆಗೆ ಹೇಳಿಕೆ ಬರುವುದಿಲ್ಲ. ಸಣ್ಣ ಊರಿನ ಸಂಸ್ಥೆಗಳಲ್ಲಿ ಲೆಕ್ಕ ತಪ್ಪುವುದು ದುರಾಸೆಗಿಂತ ಹೆಚ್ಚಾಗಿ ದಾಕ್ಷಿಣ್ಯದಿಂದ ಎಂದು ನನ್ನ ಅನಿಸಿಕೆ.

ಹಾಗೆಂದು ಮನೆಯವರೇ ಸೇರಿ ನಡೆಸಿದರೆ ಕೆಟ್ಟದೆಂದು ತೀರ್ಮಾನಿಸಬೇಡಿ. ಮದುರೆಯ ಅರವಿಂದ್ ಕಣ್ಣಿನ ಆಸ್ಪತ್ರೆಯನ್ನು ಡಾ. ಗೋವಿಂದಪ್ಪ ವೆಂಕಟಸ್ವಾಮಿ 1976ರಲ್ಲಿ, ಸರಕಾರಿ ಕೆಲಸದಿಂದ 58ಕ್ಕೆ ನಿವೃತ್ತರಾದ ಮೇಲೆ, 11 ಹಾಸಿಗೆಗಳಿಂದ ಶುರುಮಾಡಿದರು. ಜೊತೆಗಿದ್ದವರು ತಮ್ಮ, ತಂಗಿ, ಭಾವ, ನಾದಿನಿ. ಆಸ್ಪತ್ರೆಯ ಹಿಂದಿರುವ ಟ್ರಸ್ಟಿನ ಹೆಸರು ಗೋವೆಲ್. ದುಡ್ಡು ಕೊಡುವವರಿಂದ ಬಂದದ್ದರಲ್ಲಿ ಕೊಡಲಾಗದವರ ಕಣ್ಣು ನೋಡುವ ಪದ್ಧತಿ ಅಲ್ಲಿ ಗಟ್ಟಿಯಾಯಿತು. ಪೊರೆ ತೆಗೆದ ಕಣ್ಣಿಗೆ ಹಾಕುವ ಲೆನ್ಸ್ ದುಬಾರಿಯಾದಾಗ 1992ರಲ್ಲಿ ಆರೋಲ್ಯಾಬ್ ಎಂಬ ಕಾರ್ಖಾನೆ ಕಟ್ಟಿ ತಾವೇ ತಯಾರಿಸಿದರು. ಇದು ಆಡಳಿತ ಮಂಡಳಿಯ ತೀರ್ಮಾನ, ಆಪರೇಷನ್ ಥಿಯೇಟರಿನದಲ್ಲ. ಹೈದರಾಬಾದಿನ ಎಲ್. ವಿ. ಪ್ರಸಾದ್ ಸಂಸ್ಥೆಯ ರೀತಿ ಬೇರೆ. ಸಿನಿಮಾದವರಾದ ಎಲ್. ವಿ. ಪ್ರಸಾದ್ ಜಾಗ ಮತ್ತು ಒಂದು ಕೋಟಿ ರೂಪಾಯಿ ಕೊಟ್ಟರು, ಹೆಸರು ಅವರದಾಯಿತು, ಕಟ್ಟಿದವರು ಡಾ. ಗುಲ್ಲಪಲ್ಲಿ ನಾಗೇಶ್ವರ ರಾವ್. ಚಿಕಿತ್ಸೆಗೊಂದು, ಸಂಶೋಧನೆಗೊಂದು ಎಂದು ಎರಡು ಟ್ರಸ್ಟ್. ಹೆಸರಿನ ದಾನಿ ಬೇರೆ, ನಡೆಸುವ ಕೈ ಬೇರೆ ಎಂದು ಶುರುವಿನಲ್ಲೇ ಬಿಡಿಸಿಟ್ಟದ್ದು ಗಮನಿಸಬೇಕಾದ್ದು. ನಮ್ಮಲ್ಲಿ ಕಟ್ಟಡಕ್ಕೆ ಫ್ಯಾನ್ ಕೊಟ್ಟವರೂ ಫ್ಯಾನಿನ ಮೇಲೆ ಹೆಸರು ಬರೆಸಿ ಸಮಿತಿಯಲ್ಲಿ ಜಾಗ ಕೇಳುತ್ತಾರೆ.

ಇಂಗ್ಲೆಂಡಿನ ಸೈಟ್‌ಸೇವರ್ಸ್ ಸಂಸ್ಥೆಯನ್ನು 1950ರಲ್ಲಿ ಕಟ್ಟಿದ ಜಾನ್ ವಿಲ್ಸನ್ 12ನೇ ವಯಸ್ಸಿಗೆ ಶಾಲೆಯ ಪ್ರಯೋಗಾಲಯದ ಸ್ಫೋಟದಲ್ಲಿ ಎರಡೂ ಕಣ್ಣು ಕಳೆದುಕೊಂಡವರು. ಅಲ್ಲಿ ಧರ್ಮಾರ್ಥ ಸಂಸ್ಥೆಯ ಟ್ರಸ್ಟಿಗಳಿಗೆ ಸಾಮಾನ್ಯವಾಗಿ ಸಂಬಳವಿಲ್ಲ, ಅವರ ಹೆಸರುಗಳನ್ನು ಯಾರೂ ನೋಡುವಂತೆ ಚಾರಿಟಿ ಕಮಿಷನ್ ಪ್ರಕಟಿಸುತ್ತದೆ. ವಿಲ್ಸನ್ ಬಗ್ಗೆ ಓದಿದಾಗ ನನಗೆ ಹೊಳೆದದ್ದು ಒಂದೇ. ನಮ್ಮ ಕಡೆಯ ಕಣ್ಣಿನ ಸಮಿತಿಗಳಲ್ಲಿ ಕಣ್ಣು ಕಾಣದವರನ್ನು, ಕಡೇಪಕ್ಷ ಶಿಬಿರದಲ್ಲಿ ಪೊರೆ ತೆಗೆಸಿಕೊಂಡವರನ್ನು ಕೂರಿಸಿದ್ದನ್ನು ನಾನಿನ್ನೂ ಕಂಡಿಲ್ಲ. ವೇದಿಕೆಯಲ್ಲಿ ನಿಲ್ಲಿಸಿ ಕನ್ನಡಕ ತೊಡಿಸಿ ಫೋಟೋ ತೆಗೆಯುವುದು ಬೇರೆ.

ದೊಡ್ಡಮ್ಮನ ವಿಷಯಕ್ಕೆ ಬರುತ್ತೇನೆ. ಬಲಗಣ್ಣಿನ ಪೊರೆ ತೆಗೆಸಿ ಲೆನ್ಸ್ ಹಾಕಿಸಿ ಆಯಿತು, ಚೆನ್ನಾಗಿಯೇ ಆಯಿತು. ಅದರ ಮೇಲೆ ಶಿಬಿರ ನಡೆಸಿದ ಸಂಘದ ಕಾರ್ಯದರ್ಶಿಯ ಹತ್ತಿರ, ರಿಜಿಸ್ಟ್ರಾರರಿಗೆ ಕೊಟ್ಟ ಪಟ್ಟಿಯ ಪ್ರತಿ ಇದೆಯೇ ಎಂದು ಕೇಳಿದೆ. ಮೊದಲು ಮುಖ ನೋಡಿದರು. ಎರಡು ದಿನ ಬಿಟ್ಟು ತಾವೇ ತಂದುಕೊಟ್ಟರು, ಅವರದ್ದು ದೊಡ್ಡ ಮನಸ್ಸು. ಒಂಬತ್ತು ಹೆಸರು. ಒಬ್ಬರು ತೀರಿಹೋಗಿ ಎರಡು ಮಳೆಗಾಲ ಕಳೆದಿತ್ತು. ಇಬ್ಬರು ಮಕ್ಕಳ ಜೊತೆ ಬೆಂಗಳೂರಿನಲ್ಲಿ. ಇನ್ನೊಬ್ಬರನ್ನು ಕುಂಬಳೆಯ ಬಸ್‌ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೇಳಿದರೆ, "ಹೌದಾ? ನಾನಿದ್ದೇನಾ ಅದರಲ್ಲಿ?" ಎಂದರು. ಆಮಂತ್ರಣದ ಮೂವತ್ತೊಂಬತ್ತರಲ್ಲಿ ಈ ಪಟ್ಟಿಗೂ ಸೇರಿದವರು ನಾಲ್ಕೇ ಜನ.

ದೊಡ್ಡಮ್ಮ ಹೊಸ ಕಣ್ಣಿಗೆ ಕಾಗದ ಹತ್ತಿರ ಹಿಡಿದು ಒಂದೊಂದೇ ಹೆಸರು ಓದಿದರು. ಖಜಾಂಚಿಯ ಹೆಸರಿನ ಹತ್ತಿರ ಬೆರಳಿಟ್ಟು, "ಇವನು ನಮ್ಮ ಪೋಸ್ಟಾಫೀಸಿನ ಹತ್ತಿರದವನಲ್ಲವಾ? ಇವನ ಫೋನ್ ನಂಬರು ಗೋಡೆ ಮೇಲೆ ಬರೆದಿಡು. ಎಡದ ಕಣ್ಣಿನದ್ದು ಇನ್ನೂ ಬಾಕಿ ಉಂಟು" ಎಂದರು.